ಎಂಟು ಎಂದು ಯಾರೂ ಹೇಳದ ತಿಂಗಳು

ಮಗಳು ಈಗ ನಡೆಯುತ್ತಾಳೆ. ನಡೆಯುತ್ತಾಳೆ ಎನ್ನುವುದಕ್ಕಿಂತ ಓಡಿ ಬೀಳುತ್ತಾಳೆ ಎಂದರೆ ಸರಿ. ಮೊನ್ನೆ ಅವಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬ ಯುವಕ ಕುಳಿತಿದ್ದ. ಶರ್ಟಿನ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ದಿನ ತುಂಬದ ಮಗು, ಒಳಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದ. ‘ಎಲ್ಲ ಸರಿಯಾಗ್ತದೆ’ ಎಂಬ ಮಾತು ನನ್ನ ಬಾಯಿಯ ತನಕ ಬಂತು, ನುಂಗಿಕೊಂಡೆ. ಅದೇ ಮಾತನ್ನು ನನಗೂ ಎಷ್ಟೋ ಮಂದಿ ಹೇಳಿದ್ದರು, ಒಬ್ಬರದ್ದೂ ಕಿವಿಯ ಒಳಗೆ ಇಳಿದಿರಲಿಲ್ಲ. ಅವನಿಗೆ ಒಂದು ಚಹಾ ತಂದುಕೊಟ್ಟು ಮನೆಗೆ ಬಂದೆ. ಅವನ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಬೇಕಿತ್ತು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನಗೆ ಕಡಬದಲ್ಲಿ ಒಂದು ಸಣ್ಣ ಅಂಗಡಿ ಉಂಟು. ತೋಟಕ್ಕೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್ ಇಂಥವನ್ನು ರಿಪೇರಿ ಮಾಡುತ್ತೇನೆ. ಹೆಂಡತಿ ಪವಿತ್ರ, ಪಂಜದ ಕಡೆಯವಳು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅವ್ವ. ನಾವು ಮಾತಾಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಪವಿತ್ರಳನ್ನು ಪುತ್ತೂರಿನ ಒಬ್ಬ ಡಾಕ್ಟರಮ್ಮನಿಗೆ ತೋರಿಸುತ್ತಿದ್ದೆವು. ಅವರದ್ದು ವಾರದ ಲೆಕ್ಕ. ನಮ್ಮ ಮನೆಯದ್ದು ತಿಂಗಳ ಲೆಕ್ಕ. ಎರಡೂ ಸುಮಾರಾಗಿ ಜೊತೆಗೇ ಹೋಗುತ್ತಿದ್ದವು, ಬಯಕೆಯ ದಿನ ಗೊತ್ತು ಮಾಡುವವರೆಗೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಬೇಕುಬೇಕಾದ್ದನ್ನು ಬಡಿಸಿ ತವರಿಗೆ ಕಳಿಸುವ ಕಾರ್ಯವನ್ನು ನಮ್ಮಲ್ಲಿ ಬಯಕೆ ಎನ್ನುತ್ತಾರೆ. ಅದು ಆಗಬೇಕಾದ್ದು ಬೆಸ ತಿಂಗಳಲ್ಲಿ, ಸಾಮಾನ್ಯವಾಗಿ ಏಳರಲ್ಲಿ. ಪವಿತ್ರಳಿಗೆ ಏಳು ಬಂದದ್ದು ಸರಿಯಾಗಿ ಆಟಿ ತಿಂಗಳಿಗೆ. ಆಟಿಯಲ್ಲಿ ಶುಭಕಾರ್ಯ ಇಲ್ಲ. ಮುಂದಿನ ಸೋಣ ತಿಂಗಳಿಗೆ ಹಾಕೋಣವೆಂದರೆ ಅದು ಎಂಟು.

ಅದಕ್ಕೆ ಅವ್ವ ಒಂದು ದಾರಿ ಹುಡುಕಿದರು. ಬಸಿರು ನಿಂತ ಮೊದಲ ತಿಂಗಳಲ್ಲಿ ಸಿಕ್ಕಿದ್ದು ಕೊನೆಯ ನಾಲ್ಕು ದಿನ ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದಿಲ್ಲ, ಹಾಗಾಗಿ ಸೋಣವೇ ಏಳು ಎಂದು ತೀರ್ಪು ಕೊಟ್ಟರು. ಬಂದಿದ್ದ ಚಿಕ್ಕಮ್ಮಂದಿರೆಲ್ಲ ಬೆರಳು ಮಡಚಿ ನೋಡಿ, ಹೌದು ಹೌದು ಎಂದರು. ಪಂಜದಿಂದ ಅತ್ತೆಯೂ, ಅಂದರೆ ಪವಿತ್ರಳ ಅಮ್ಮ, ಫೋನಿನಲ್ಲೇ ಒಪ್ಪಿದರು. ಪವಿತ್ರ ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಇದನ್ನು ಒಳಗಿರುವವರಿಗೂ ಒಮ್ಮೆ ಹೇಳಿಬಿಡಿ” ಎಂದಳು. ಎಲ್ಲರೂ ನಕ್ಕೆವು. ಅವ್ವ ನಗಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಬಯಕೆ ಚೆನ್ನಾಗಿಯೇ ಆಯಿತು. ಪವಿತ್ರ ಕೈತುಂಬ ಬಳೆ ಹಾಕಿಕೊಂಡು ತವರಿಗೆ ಹೋದಳು. ಹೇಳಿದ್ದನ್ನೇ ಹತ್ತು ಸಲ ಹೇಳಿದರೆ ಅದೇ ನಿಜವಾಗುತ್ತದೆ. ಬಂದ ನೆಂಟರಿಗೆಲ್ಲ ಏಳು ಏಳು ಎಂದು ಹೇಳಿ ಹೇಳಿ ಎರಡು ಮನೆಯವರೂ ಹಾಗೆಂದೇ ನಂಬಿದೆವು. ಹೆರಿಗೆಗೆ ಇನ್ನೂ ಬೇಕಾದಷ್ಟು ಸಮಯವಿದೆ ಎಂದು ನಾನು ಅಂಗಡಿಗೆ ಹೊಸ ಶೀಟು ಹಾಕಿಸುವ ಕೆಲಸಕ್ಕೆ ಕೈಹಾಕಿದೆ.

ಒಂದು ದಿನ ಬೆಳಿಗ್ಗೆ ಪವಿತ್ರಳ ಫೋನು ಬಂತು. ಸೊಂಟ ಎಳೆಯುತ್ತಾ ಉಂಟು, ಬಿಟ್ಟು ಬಿಟ್ಟು ಬರುತ್ತದೆ ಎಂದಳು. ಹಿಂದಿನಿಂದ ಅತ್ತೆಯ ಮಾತೂ ಕೇಳುತ್ತಿತ್ತು. ಏಳರಲ್ಲಿ ಇದೆಲ್ಲ ಇದ್ದದ್ದೇ, ವಾಯು ಇರಬೇಕು, ಜೀರಿಗೆ ಕಷಾಯ ಕೊಟ್ಟಿದ್ದೇನೆ, ಗಾಬರಿ ಬೇಡ ಎಂದರು. ನಾಲ್ಕು ಹೆತ್ತವರು ಹೇಳುವಾಗ ಪಂಪು ಬಿಚ್ಚುವ ನಾನು ಏನು ಹೇಳುವುದು? ಸಂಜೆ ಕೇಳಿದಾಗ ಸ್ವಲ್ಪ ಕಡಿಮೆ ಎಂದರು. ಮಾರನೆಯ ದಿನ ಮಧ್ಯಾಹ್ನ ಮತ್ತೆ ಜೋರಾಯಿತು. ಬೆನ್ನಿಗೆ ಎಣ್ಣೆ ಹಚ್ಚಿದರು, ಇನ್ನೊಂದು ಲೋಟ ಕಷಾಯ ಕುಡಿಸಿದರು, ಎಡಕ್ಕೆ ಮಲಗು ಎಂದರು. ನಾನು ಬೈಕ್ ಹತ್ತಿ ಪಂಜಕ್ಕೆ ಹೋಗಿ ಮುಟ್ಟುವಾಗ ಅವಳು ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದಳು. ಅತ್ತೆ ಬೆರಳು ಮಡಚಿ ನನಗೂ ಲೆಕ್ಕ ಒಪ್ಪಿಸತೊಡಗಿದರು.

“ನಿಮ್ಮ ಏಳು ತಿಂಗಳು ನಿಮ್ಮ ಹತ್ರವೇ ಇರ್ಲಿ ಅಮ್ಮ,” ಪವಿತ್ರ ಹಲ್ಲು ಕಚ್ಚಿಕೊಂಡು ಹೇಳಿದಳು. “ನಂಗೆ ಈಗ ಆಸ್ಪತ್ರೆಗೆ ಹೋಗ್ಬೇಕು.”

ಅಷ್ಟು ಹೇಳುವಾಗಲೇ ನೀರು ಹೋಯಿತು. ಅತ್ತೆಯ ಬೆರಳುಗಳು ಮಡಚಿದ್ದು ಹಾಗೆಯೇ ನಿಂತವು.

ಪಂಜ ಪೇಟೆಯಲ್ಲಿ ಬಾಡಿಗೆ ಕಾರು ಓಡಿಸುವ ಹಮೀದಾಕ ಬಂದರು. ದಾರಿಯುದ್ದಕ್ಕೂ ಅವರು ಹೊಂಡ ಬರುವ ಮೊದಲೇ ಹೇಳುತ್ತಿದ್ದರು: “ಮಗಳೇ, ಇಲ್ಲೊಂದು ಉಂಟು, ಗಟ್ಟಿ ಹಿಡ್ಕೊ.” ಅವಳು ಹಿಡಿದುಕೊಂಡದ್ದು ನನ್ನ ತೋಳನ್ನು. ಕಾಣಿಯೂರು ದಾಟಿದೆವೋ, ಸವಣೂರು ಬಂತೋ ನನಗೆ ಗೊತ್ತಾಗಲಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿ ಕುಳಿತು ಸುಬ್ರಹ್ಮಣ್ಯನಿಗೆ ಹರಕೆಯ ಮೇಲೆ ಹರಕೆ ಹೇಳುತ್ತಿದ್ದರು.

ಪುತ್ತೂರಿನಲ್ಲಿ ಡಾಕ್ಟರಮ್ಮ ಎಷ್ಟು ತಿಂಗಳು ಎಂದು ಕೇಳಿದ್ದಕ್ಕೆ ಅಷ್ಟಾದ ಮೇಲೂ ಅತ್ತೆಯ ಬಾಯಿಯಿಂದ ಬಂದದ್ದು ಏಳು. ಯಾರು ಹೇಳಿದ್ದು ಎಂದು ಅವರು ತಮ್ಮ ವಾರದ ಲೆಕ್ಕದ ಚೀಟಿ ನೋಡಿ ಕೇಳಿದರು. ನೋವು ಯಾವಾಗ ಶುರುವಾದ್ದು ಎಂದು ಕೇಳಿದರು, ಅದನ್ನು ನಾನು ಹೇಳಿದೆ. ಮಗುವಿನ ಶ್ವಾಸಕೋಶ ಬಲಿಯಲಿಕ್ಕೆ ಒಂದು ಇಂಜೆಕ್ಷನ್ ಉಂಟು, ಈಗ ಕೊಟ್ಟಿದ್ದೇನೆ, ಆದರೆ ಅದು ಕೆಲಸ ಮಾಡಲು ಸಮಯ ಬೇಕು, ನಿನ್ನೆಯೇ ಬಂದಿದ್ದರೆ ಆಗುತ್ತಿತ್ತು ಎಂದರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಆಮೇಲೆ ಬಾಗಿಲು ಮುಚ್ಚಿತು. ಹೆರಿಗೆ ಕೋಣೆಯ ಹೊರಗೆ ಗಂಡಸಿಗೆ ಮಾಡಲು ಯಾವ ಕೆಲಸವೂ ಇಲ್ಲ. ಒಳಗಿನಿಂದ ಅವಳ ಕೂಗು ಕೇಳಿದಾಗ ಎದ್ದು ನಿಲ್ಲುತ್ತಿದ್ದೆ, ಕೂಗು ನಿಂತಾಗ ಮತ್ತೆ ಕೂರುತ್ತಿದ್ದೆ. ಯಾವ ಮೆಷಿನ್ ಕೆಟ್ಟರೂ ಬಿಚ್ಚಿ ನೋಡುವ ಕೈ ನನ್ನದು, ಆವತ್ತು ಅದನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಒಳಗೆ ನಡೆದದ್ದನ್ನು ಪವಿತ್ರ ಎಷ್ಟೋ ದಿನಗಳ ನಂತರ ಹೇಳಿದಳು. ನೆಲ್ಯಾಡಿ ಕಡೆಯ ವಯಸ್ಸಾದ ಸಿಸ್ಟರ್ ಒಬ್ಬರು ಅವಳ ತಲೆಯ ಹತ್ತಿರ ನಿಂತಿದ್ದರಂತೆ. ಮಲಯಾಳ ಬೆರೆಸಿ ಏನೇನೋ ಹೇಳುತ್ತಿದ್ದರು, ಅವಳಿಗೆ ತಿಳಿದದ್ದು ‘ಮೋಳೇ’, ಅಂದರೆ ಮಗಳೇ, ಎಂಬ ಒಂದೇ ಮಾತು. ಕೈಗೆ ಸಿಕ್ಕಿದ ಅವರ ಮಣಿಕಟ್ಟನ್ನು ಉಗುರು ಇಳಿಯುವಷ್ಟು ಒತ್ತಿ ಹಿಡಿದಿದ್ದಳಂತೆ. ಅವರು ಬಿಡಿಸಿಕೊಳ್ಳಲಿಲ್ಲ. ತನ್ನನ್ನು ಹೆತ್ತವರ ಹೆಸರು ಎಷ್ಟು ನೆನಪೋ ಅವರ ಮುಖವೂ ಅಷ್ಟೇ ನೆನಪು ಎನ್ನುತ್ತಾಳೆ ಅವಳು.

ಹೆಣ್ಣು ಮಗು. ಸುಸೂತ್ರ ಹೆರಿಗೆಯೇ. ಬೆಕ್ಕಿನ ಮರಿಯಂತೆ ಒಮ್ಮೆ ಅತ್ತಳು, ಆಮೇಲೆ ಸದ್ದು ನಿಂತಿತು. ತೂಕ ಎರಡು ಕಿಲೋ ಕೂಡ ಇಲ್ಲ. ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಾ ಉಂಟು, ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. ಮಂಗಳೂರಿಗೆ ಫೋನು ಮಾಡಿದರು, ಜಾಗವಿಲ್ಲ. ಸುಳ್ಯದ ಒಂದು ಆಸ್ಪತ್ರೆಯಲ್ಲಿ ಇದೆ ಎಂದರು. ಅಷ್ಟರಲ್ಲಿ ಅವ್ವ ಕಡಬದಿಂದ ಬಂದು ಮುಟ್ಟಿದ್ದರು. ಹುಟ್ಟುವ ಮೊದಲು ಮಗುವಿಗೆ ಏನನ್ನೂ ಕೊಳ್ಳಬಾರದೆಂಬ ಕ್ರಮ ನಮ್ಮದು, ಹಾಗಾಗಿ ಒಂದು ಅಂಗಿಯೂ ಇರಲಿಲ್ಲ. ತೀರಿಕೊಂಡ ಅಪ್ಪನ ಹಳೆಯ ಪಂಚೆಯನ್ನು ಹರಿದು ತಂದಿದ್ದರು. ಅದರಲ್ಲಿ ಸುತ್ತಿದಾಗ ಮಗು ಎಲ್ಲಿದೆ ಎಂದು ಹುಡುಕಬೇಕಾಯಿತು. ಪವಿತ್ರಳಿಗೆ ಒಂದು ಸಲ ತೋರಿಸಿ ಆಂಬ್ಯುಲೆನ್ಸಿಗೆ ಹತ್ತಿಸಿದರು. ಅವಳು ಮಗುವಿನ ಕಾಲನ್ನು ಒಂದು ಬೆರಳಿನಿಂದ ಮುಟ್ಟಿದಳಷ್ಟೇ. ಅತ್ತೆ ಅವಳ ಜೊತೆ ಪುತ್ತೂರಿನಲ್ಲಿ ಉಳಿದರು, ನಾನು ಮತ್ತು ಅವ್ವ ಸುಳ್ಯಕ್ಕೆ ಹೋದೆವು.

ಅಲ್ಲಿಂದ ಮುಂದಿನ ದಿನಗಳು ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಗಾಜಿನ ಬಾಗಿಲು, ಅದರ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು. ಕುರ್ಚಿಯಲ್ಲಿ ಕುಳಿತೇ ನಿದ್ರೆ, ಕುಳಿತೇ ಊಟ. ದಿನಕ್ಕೆರಡು ಸಲ ಒಳಗೆ ಬಿಡುತ್ತಿದ್ದರು. ಮೂಗಿಗೆ ಪೈಪು, ಪಾದಕ್ಕೆ ಆಮ್ಲಜನಕ ಅಳೆಯುವ ಕೆಂಪು ದೀಪ, ತಲೆಗೆ ನನ್ನ ಮುಷ್ಟಿಯಲ್ಲಿ ಹಿಡಿಸುವಷ್ಟು ಟೊಪ್ಪಿ. ದಿನ ತುಂಬದ ಮಕ್ಕಳು ಕೆಲವೊಮ್ಮೆ ಉಸಿರಾಡಲು ಮರೆತುಬಿಡುತ್ತವೆ ಎಂದು ಅಲ್ಲಿನ ಸಿಸ್ಟರ್ ಹೇಳಿದಾಗ ತಮಾಷೆ ಎಂದುಕೊಂಡೆ. ಒಮ್ಮೆ ನನ್ನ ಕಣ್ಣೆದುರೇ ಆಯಿತು. ಎದೆ ಮೇಲೆ ಕೆಳಗೆ ಆಗುತ್ತಿದ್ದದ್ದು ನಿಂತಿತು, ಮೆಷಿನ್ ಕೂಗಿತು. ಸಿಸ್ಟರ್ ಬಂದು ಅಂಗಾಲಿಗೆ ಬೆರಳಿನಿಂದ ಟಿಕ್ ಎಂದು ಹೊಡೆದರು. ಮಗು ಬೆಚ್ಚಿಬಿದ್ದು ಮತ್ತೆ ಉಸಿರೆಳೆಯಿತು. ನಿದ್ರೆಯಿಂದ ಎಬ್ಬಿಸಿದಷ್ಟೇ ಸಲೀಸಾಗಿ ಅವರು ಬೇರೆ ಮಗುವಿನ ಹತ್ತಿರ ಹೋದರು. ಅಂದಿನಿಂದ ಗಾಜಿನ ಹೊರಗೆ ನಿಂತರೂ ನನ್ನ ಕಣ್ಣು ಅವಳ ಎದೆಯ ಮೇಲೆಯೇ. ನಾನು ನೋಡುವುದು ಬಿಟ್ಟರೆ ಅವಳು ಮರೆತುಬಿಡುತ್ತಾಳೆ ಎಂಬ ಭಯ ಹೊಕ್ಕಿತು.

ಬೆಳಿಗ್ಗೆ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಪವಿತ್ರಳ ಹಾಲು ತರುತ್ತಿದ್ದೆ. ಮೊದಲೆರಡು ದಿನ ಅದು ಹಾಲೂ ಅಲ್ಲ, ಸಿರಿಂಜಿನ ತಳದಲ್ಲಿ ಹಳದಿಯ ನಾಲ್ಕು ಹನಿ. ಅಷ್ಟನ್ನು ಹಿಂಡಿ ತೆಗೆಯಲು ಅವಳು ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ. ಮಗುವನ್ನು ನೋಡದೆ ಎದೆಗೆ ಹಾಲು ಹೇಗೆ ಬರ್ತದೆ ಎಂದು ಅಳುತ್ತಿದ್ದಳು. ನಾನು ಮೊಬೈಲಿನಲ್ಲಿ ತೆಗೆದುಕೊಂಡು ಹೋದ ವೀಡಿಯೊ ನೋಡುತ್ತಾ ಹಿಂಡುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಜ್ಯೂಸ್ ಅಂಗಡಿಯಲ್ಲಿ ಐಸ್ ಕೇಳಿ ಫ್ಲಾಸ್ಕಿಗೆ ತುಂಬಿಸಿ, ನಡುವೆ ಅದನ್ನು ಇಟ್ಟುಕೊಂಡು ಹೊರಡುತ್ತಿದ್ದೆ. ಒಂದು ದಿನ ಕಂಡಕ್ಟರ್, ಬ್ಯಾಗ್ ಕೆಳಗೆ ಇಡಿ ಎಂದ. ಇದು ಮಗುವಿನ ಹಾಲು, ಕೆಳಗಿಟ್ಟರೆ ಕುಲುಕುತ್ತದೆ ಎಂದೆ. ಅವನು ನನ್ನ ಮುಖ ನೋಡಿ ತನ್ನ ಸೀಟು ಬಿಟ್ಟುಕೊಟ್ಟು ಜಾಲ್ಸೂರಿನ ತನಕ ನಿಂತೇ ಬಂದ.

ಇದರ ನಡುವೆ ಇಬ್ಬರು ಅಮ್ಮಂದಿರಿಗೂ ಮಾತು ಬಿಟ್ಟಿತ್ತು. ನಿನ್ನ ಅವ್ವನ ಲೆಕ್ಕದಿಂದ ಹೀಗಾಯಿತು ಎಂದು ಅತ್ತೆ ಪುತ್ತೂರಿನಲ್ಲಿ ಅಳುತ್ತಿದ್ದರು. ಅವರ ಕಷಾಯದಿಂದ ಹೀಗಾಯಿತು ಎಂದು ಅವ್ವ ಸುಳ್ಯದಲ್ಲಿ ಹೇಳುತ್ತಾರೆ ಎಂದುಕೊಂಡಿದ್ದೆ. ಆದರೆ ಅವ್ವ ಮೂರು ಹೊತ್ತೂ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಒಳಗೆ ಬಿಡುವ ಸಮಯದಲ್ಲೂ, ನೀನೇ ಹೋಗು ಎನ್ನುತ್ತಿದ್ದರು. ಮೊಮ್ಮಗಳ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಹೆಣ್ಣಾದದ್ದಕ್ಕೋ ಏನೋ ಎಂಬ ಕೆಟ್ಟ ಯೋಚನೆಯೂ ನನಗೆ ಬಂತು. ದಣಿದ ತಲೆಗೆ ಒಳ್ಳೆಯ ಯೋಚನೆ ಬರುವುದಿಲ್ಲ.

ಮಗು ಉಸಿರು ಮರೆತದ್ದನ್ನು ನಾನು ಬಂದು ಹೇಳಿದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನೆಲ ನೋಡುತ್ತಾ ಮಾತಾಡಿದರು.

“ನಿನ್ನ ಮೊದಲು ಒಂದು ಹೆಣ್ಣು ಇತ್ತು.”

ನನಗೆ ಗೊತ್ತಿರಲಿಲ್ಲ. ಮೂವತ್ತು ದಾಟಿದವನಿಗೆ ತನಗೊಬ್ಬ ಅಕ್ಕ ಇದ್ದಳೆಂಬುದು ಆಸ್ಪತ್ರೆಯ ಕುರ್ಚಿಯಲ್ಲಿ ಗೊತ್ತಾಯಿತು.

“ಎಂಟರಲ್ಲಿ ಹುಟ್ಟಿದ್ದು. ಏಳರದ್ದಾದ್ರೆ ಉಳೀತದೆ, ಎಂಟರದ್ದು ಉಳಿಯುದಿಲ್ಲ ಅಂತ ಸೂಲಗಿತ್ತಿ ಹೇಳಿದ್ಲು. ಹಾಲು ಬಿಡುದು ಬೇಡ ಅಂದ್ಲು. ಎರಡು ದಿನ ಇತ್ತು. ಹೀಗೇ, ಉಸಿರು ನಿಲ್ಲಿಸುದು, ಮತ್ತೆ ತೆಗೆಯುದು.”

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

“ಬಯಕೆಗೆ ಅಂತ ನಾನು ಲೆಕ್ಕ ಬದಲಾಯಿಸಿದ್ದಲ್ಲ ಮಗ. ಬಯಕೆಯನ್ನು ಒಂಬತ್ತರಲ್ಲಿ ಮಾಡ್ಬಹುದಿತ್ತು. ಈ ತಿಂಗಳು ಏಳು ಅಂತ ಹೇಳಿ, ಬರುವ ತಿಂಗಳು ಒಂಬತ್ತು ಅಂತ ಹೇಳುವವಳಿದ್ದೆ. ಎಂಟನ್ನು ಆ ಹುಡುಗಿಗೆ ಕೊಡುದೇ ಬೇಡ ಅಂತ.”

ನನಗೆ ಸಿಟ್ಟು ಬಂತು, ನಿಜ. ಒಂದು ಇಂಜೆಕ್ಷನ್, ಒಂದು ದಿನ, ಎಲ್ಲವೂ ಆ ಒಂದು ತಿಂಗಳನ್ನು ಹಾರಿಸಲು ಹೋಗಿ ಕೈತಪ್ಪಿತಲ್ಲ ಎಂದು ಎದೆ ಉರಿಯಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಸುಮ್ಮನಾಗುವಷ್ಟು ದೊಡ್ಡವನು ನಾನಲ್ಲ. ಆದರೆ ಆ ಸಿಟ್ಟನ್ನು ಎತ್ತಿ ಯಾರ ಮೇಲೆ ಹಾಕುವುದು? ಎರಡು ದಿನ ಒಬ್ಬಳೇ ಕುಳಿತು ಒಂದು ಮಗುವಿನ ಉಸಿರು ಕಾದ ಹೆಂಗಸಿನ ಮೇಲೆಯೇ? ಪುಣ್ಯಕ್ಕೆ ಜಗಳವಾಡುವಷ್ಟು ತ್ರಾಣವೂ ಇರಲಿಲ್ಲ. ಕೆಳಗೆ ಹೋಗಿ ಇಬ್ಬರಿಗೂ ಚಹಾ ತಂದೆ. ಅವ್ವ ಕುಡಿದರು.

ಆ ಸಂಜೆ ಒಳಗೆ ಬಿಡುವ ಹೊತ್ತಿಗೆ ಸಿಸ್ಟರ್ ಬಂದು ಕರೆದಾಗ ನಾನು ಏಳಲಿಲ್ಲ. ಸಿಸ್ಟರ್ ಹೊಸಬರು. ಎಷ್ಟು ತಿಂಗಳಿಗೆ ಹುಟ್ಟಿದ ಮಗು ಅಜ್ಜಿ ಎಂದು ಅವ್ವನನ್ನೇ ಕೇಳಿದರು. ಅವ್ವ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಹಟದಿಂದಲ್ಲ, ನನಗೂ ಆ ಅಂಕೆ ಹೇಳಲು ಧೈರ್ಯ ಇರಲಿಲ್ಲ.

“ಎಂಟು,” ಎಂದರು ಅವ್ವ. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋದರು. ಗಾಜಿನ ಆಚೆ ಅವರು ಪೆಟ್ಟಿಗೆಯ ತೂತಿನಿಂದ ಕೈ ಹಾಕಿ ಮಗುವಿನ ಅಂಗಾಲಿನ ಹತ್ತಿರ ಬೆರಳನ್ನು ಸಿದ್ಧವಾಗಿ ಇಟ್ಟುಕೊಂಡು ನಿಂತದ್ದನ್ನು ನೋಡಿದೆ. ಸಮಯ ಮುಗಿಯಿತೆಂದು ಹೇಳುವವರೆಗೂ ತೆಗೆಯಲಿಲ್ಲ.

ಪವಿತ್ರಳನ್ನು ಪುತ್ತೂರಿನಿಂದ ಬಿಡುಗಡೆ ಮಾಡಿದ ದಿನ ಹಮೀದಾಕ ನೇರ ಸುಳ್ಯಕ್ಕೇ ಕರೆತಂದರು. ಬಾಣಂತಿ ಹೀಗೆಲ್ಲ ತಿರುಗಬಾರದು, ಗಾಳಿ ತಾಗಬಾರದು ಎಂದು ಅತ್ತೆ ತಲೆಗೆ ಬಟ್ಟೆ ಕಟ್ಟಿದ್ದರು, ಕಾರಿನ ಗಾಜು ಏರಿಸಿದ್ದರು. ಬೆವತು ಒದ್ದೆಯಾಗಿ ಇಳಿದಳು. ಅಮ್ಮಂದಿರಿಬ್ಬರೂ ಕಾರಿಡಾರಿನಲ್ಲಿ ಎದುರುಬದುರು ನಿಂತರು. ನಾನು ಪವಿತ್ರಳಿಗೆ ಅಕ್ಕನ ವಿಷಯವನ್ನು ಹಿಂದಿನ ದಿನವೇ ಹೇಳಿದ್ದೆ. ಅವಳು ಬೈಯುತ್ತಾಳೆ ಎಂದು ಅವ್ವ ತಲೆ ತಗ್ಗಿಸಿದ್ದರು. ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅವಳಿಗೇ.

“ಆ ಮಗುವಿಗೆ ಹೆಸರು ಇಟ್ಟಿದ್ರಾ?” ಎಂದು ಕೇಳಿದಳು.

ಅವ್ವ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಅಳು ಬಂತು. ಅಷ್ಟು ವರ್ಷದ್ದು ಒಟ್ಟಿಗೆ ಬಂತು. ಅತ್ತೆ ಹೋಗಿ ಅವ್ವನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತು ಅತ್ತರು. ಯಾರ ತಪ್ಪು ಎಷ್ಟು ಎಂಬ ಮಾತು ಅಲ್ಲಿಗೆ ಮುಗಿಯಿತು ಎಂದು ಹೇಳಲಾರೆ, ಹಬ್ಬ ಹುಣ್ಣಿಮೆಗೆ ಈಗಲೂ ಒಮ್ಮೊಮ್ಮೆ ಚುಚ್ಚಿಕೊಳ್ಳುತ್ತಾರೆ. ಆದರೆ ಆ ದಿನ ಇಬ್ಬರೂ ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಂಡರು.

ಪೈಪು ತೆಗೆದ ಮೇಲೆ ಮಗುವನ್ನು ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗುವಂತೆ ಇಡಲು ಶುರು ಮಾಡಿದರು. ಉಸಿರು ಮರೆಯುವುದು ಅದರಿಂದ ಕಡಿಮೆಯಾಗುತ್ತದಂತೆ. ಕುಳಿತೂ ಕುಳಿತೂ ಪವಿತ್ರಳ ಬೆನ್ನು ಹಿಡಿದುಕೊಂಡಿತು. ಒಂದು ಮಧ್ಯಾಹ್ನ ಸಿಸ್ಟರ್ ನನ್ನ ಕಡೆ ತಿರುಗಿ, ಅಪ್ಪನ ಎದೆಯೂ ಆಗ್ತದೆ, ಶರ್ಟು ತೆಗೀರಿ ಎಂದರು. ನಾನು ಪೆಚ್ಚಾದೆ. ನನ್ನ ಮೈಗೆ ಯಾವತ್ತೂ ಪೆಟ್ರೋಲು, ಗ್ರೀಸಿನ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದು ಬಂದು ಒರಗು ಕುರ್ಚಿಯಲ್ಲಿ ಕುಳಿತೆ. ಅವಳನ್ನು ನನ್ನ ಎದೆಯ ಮೇಲೆ ಕವುಚಿ ಮಲಗಿಸಿ ಮೇಲೆ ಬಟ್ಟೆ ಕಟ್ಟಿದರು. ಭಾರವೇ ಇಲ್ಲ, ಬಿಸಿ ಮಾತ್ರ ಇತ್ತು. ಅವಳನ್ನು ನಾನು ಎತ್ತಿಕೊಂಡದ್ದು ಅದೇ ಮೊದಲು. ಅಲುಗಿದರೆ ಅವಳಿಗೆ ತೊಂದರೆ ಎಂದು ಅಳುವುದನ್ನೂ ತಡೆದುಕೊಂಡೆ.

ಅವಳ ಬೆನ್ನಿನ ಮೇಲೆ ಕೈಯಿಟ್ಟು ಉಸಿರು ಎಣಿಸತೊಡಗಿದೆ. ಒಂದು ನಿಧಾನವಾದರೆ ನನ್ನದೂ ನಿಲ್ಲುತ್ತಿತ್ತು. ಪಕ್ಕದ ಸ್ಟೂಲಿನಲ್ಲಿ ಪವಿತ್ರ ಕುಳಿತಿದ್ದಳು. “ಸ್ವಲ್ಪ ಕಣ್ಣು ಮುಚ್ಚಿ, ನಾನು ನೋಡ್ತೇನೆ,” ಎಂದಳು. ಆಗುವುದಿಲ್ಲ ಎಂದೆ. ನೂರರವರೆಗೆ ಎಣಿಸಿದೆ, ಮತ್ತೆ ಒಂದರಿಂದ ಹಿಡಿದೆ, ಮತ್ತೆ ನೂರು. ಆಮೇಲಿನದ್ದು ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಎದೆ ತಣ್ಣಗಾದಂತೆ ಭ್ರಮೆಯಾಗಿ ಗಾಬರಿಯಿಂದ ಕೈ ಒತ್ತಿದೆ. ಬೆನ್ನು ಮೇಲೆ ಬಂತು, ಕೆಳಗೆ ಹೋಯಿತು. ನಾನು ನೋಡದಿದ್ದಾಗಲೂ ಅವಳು ಉಸಿರಾಡಿದ್ದಳು.

ಪವಿತ್ರ ನಗುತ್ತಿದ್ದಳು. ಬಯಕೆಯ ದಿನದ ನಂತರ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

“ನೀವು ಎಂತ ಗೊರಕೆ ಹೊಡೀತೀರಿ,” ಎಂದಳು. “ಆ ಸದ್ದಿಗೆ ಯಾರಿಗಾದ್ರೂ ಉಸಿರು ಮರೀಲಿಕ್ಕೆ ಆಗ್ತದಾ?”